ಹಿಂದಿನ ಸಾಲಿಗೆ ವಾಪಸ್ ಹೋಗಬಹುದೇ? ಪ್ರೌಢಶಾಲೆಯ ಉನ್ನತ ಬೀಜಗಣಿತಕ್ಕೆ ತಯಾರಾಗುವುದು ಹೀಗೆ

ಉನ್ನತ ಬೀಜಗಣಿತದ ಮೊದಲ ಕಿರುಪರೀಕ್ಷೆಯಲ್ಲಿ ಚೆನ್ನಾಗಿ ಓದುವ ಮಕ್ಕಳೂ ಕಂಗಾಲಾಗುವುದುಂಟು. ಉತ್ತರ ಸರಿಯಿದ್ದರೂ ಅಂಕ ಅರ್ಧವೇ ಬಂದಿರುತ್ತದೆ. ಹಿಂದಿನ ತರಗತಿಗಳಲ್ಲಿ ಎಕ್ಸ್‌ನ ಬೆಲೆ ಕಂಡುಹಿಡಿದರೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ಅಂಕ ಸಿಗುವುದು ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದಿರಿ, ಅದಕ್ಕೆ ಏನು ಆಧಾರ ಎಂಬುದಕ್ಕೆ. ಇದನ್ನು ಮೊದಲ ವಾರದಲ್ಲೇ ಮನದಟ್ಟು ಮಾಡಿಕೊಂಡವರಿಗೆ ವರ್ಷವಿಡೀ ಕೆಲಸ ಹಗುರ.

ಪಾಠಗಳು ಸಾಮಾನ್ಯವಾಗಿ ಈ ಕ್ರಮದಲ್ಲಿ ಬರುತ್ತವೆ: ರೇಖಾತ್ಮಕ ಸಮೀಕರಣ ಮತ್ತು ಅಸಮಾನತೆಗಳ ಮೆಲುಕು, ಫಂಕ್ಷನ್ ಮತ್ತು ನಕ್ಷೆ, ವರ್ಗ ಸಮೀಕರಣ, ಸಂಕೀರ್ಣ ಸಂಖ್ಯೆ (ಕಾಂಪ್ಲೆಕ್ಸ್ ನಂಬರ್), ಬಹುಪದೋಕ್ತಿ, ಕರಣಿ (√ ಚಿಹ್ನೆಯ ಪದಗಳು), ಘಾತ ಮತ್ತು ಲಾಗರಿದಮ್, ಕೊನೆಗೆ ಶ್ರೇಢಿ. ಪ್ರತಿ ಪಾಠವೂ ಹಿಂದಿನದರ ಹೆಗಲ ಮೇಲೆ ನಿಂತಿರುತ್ತದೆ. ಅಪವರ್ತನ ಬಾರದವರು ಮೂರು ತಿಂಗಳ ನಂತರ ಲಾಗರಿದಮ್ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ, ಆದರೆ ದೂರುವುದು ಮಾತ್ರ ಲಾಗರಿದಮ್ಮನ್ನು.

ಹಂತ 1: ತರಗತಿಗೆ ಮುನ್ನ ಕೈ ಪರೀಕ್ಷಿಸಿಕೊಳ್ಳಿ

ಈ ನಾಲ್ಕನ್ನು ಯಾರ ಸಹಾಯವೂ ಇಲ್ಲದೆ ಮಾಡಿ ನೋಡಿ. 3/4 − 5/6 ಎಷ್ಟು? (−1/12.) (2ಎಕ್ಸ್ − 3)² ವಿಸ್ತರಿಸಿದರೆ? (4ಎಕ್ಸ್² − 12ಎಕ್ಸ್ + 9. ನಡುವಿನ ಪದ ಬಿಟ್ಟುಹೋಗುವುದೇ ಇಲ್ಲಿನ ಮಾಮೂಲಿ ತಪ್ಪು.) ಎಕ್ಸ್² − ಎಕ್ಸ್ − 12ರ ಅಪವರ್ತನ? (ಎಕ್ಸ್ − 4 ಮತ್ತು ಎಕ್ಸ್ + 3.) −3² ಮತ್ತು (−3)² ಒಂದೆಯೇ? ಅಲ್ಲ. ಮೊದಲನೆಯದು −9, ಎರಡನೆಯದು 9. ಇಂಥ ಹತ್ತು ಲೆಕ್ಕಗಳಲ್ಲಿ ಎಂಟನ್ನು 15 ನಿಮಿಷದಲ್ಲಿ ಸರಿ ಮಾಡಿದರೆ ಧೈರ್ಯವಾಗಿ ಮುಂದುವರಿಯಿರಿ. ಇಲ್ಲದಿದ್ದರೆ ಎರಡು ವಾರ ಭಿನ್ನರಾಶಿ, ಚಿಹ್ನೆ, ಅಪವರ್ತನ ಇಷ್ಟನ್ನೇ ತಿದ್ದಿಕೊಳ್ಳಿ. ಹೊಸ ಪಾಠ ಮುಂಚಿತವಾಗಿ ಓದುವುದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 2: ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ

ಪುಟದ ಬಲಭಾಗದ ಮೂರನೇ ಒಂದು ಪಾಲನ್ನು ಗೆರೆ ಹಾಕಿ ಬಿಡಿ. ಎಡಗಡೆ ಲೆಕ್ಕ, ಬಲಗಡೆ ಕಾರಣ. ಸಾಲಿಗೆ ಒಂದೇ ಸಮೀಕರಣ, ಸಮಚಿಹ್ನೆಯ ಕೆಳಗೆ ಸಮಚಿಹ್ನೆ. ಕಾರಣ ಉದ್ದವಾಗಿರಬೇಕಿಲ್ಲ. ‘ಎರಡೂ ಬದಿಗೆ 7 ಕೂಡಿಸಿದೆ’, ‘ವರ್ಗ ಮಾಡಿದೆ, ತಾಳೆ ನೋಡಬೇಕು’ ಎಂದರೆ ಸಾಕು. ‘ಆ ಕಡೆಗೆ ದಾಟಿಸಿದೆ’ ಎಂದು ಮಾತ್ರ ಬರೆಯಬೇಡಿ. ದಾಟಿಸುವುದು ಎಂಬ ಕ್ರಿಯೆ ಬೀಜಗಣಿತದಲ್ಲಿ ಇಲ್ಲ, ಎರಡೂ ಬದಿಗೆ ಒಂದೇ ಕೆಲಸ ಮಾಡುವುದಷ್ಟೇ ಇದೆ. ಚಿಹ್ನೆಯ ತಪ್ಪುಗಳು ಬಹುಮಟ್ಟಿಗೆ ಈ ‘ದಾಟಿಸುವ’ ಅಭ್ಯಾಸದಿಂದಲೇ ಹುಟ್ಟುತ್ತವೆ.

ಹಂತ 3: ವಾಪಸ್ ಹೋಗುವ ಪ್ರಶ್ನೆ

ಪ್ರತಿ ಸಾಲಿನ ಕೊನೆಗೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸಾಲಿನಿಂದ ಹಿಂದಿನ ಸಾಲಿಗೆ ವಾಪಸ್ ಹೋಗಬಹುದೇ? 4 ಕೂಡಿಸಿದ್ದರೆ 4 ಕಳೆದು ವಾಪಸ್ ಬರಬಹುದು. ಸೊನ್ನೆಯಲ್ಲದ ಸಂಖ್ಯೆಯಿಂದ ಗುಣಿಸಿದ್ದರೆ ಭಾಗಿಸಿ ಬರಬಹುದು. ವರ್ಗ ಮಾಡಿದ್ದರೆ ಬರಲಾಗದು, ಏಕೆಂದರೆ 3 ಮತ್ತು −3 ಎರಡರ ವರ್ಗವೂ 9. ಎಲ್ಲಿಂದ ಬಂದೆವು ಎಂಬ ಗುರುತೇ ಅಳಿಸಿಹೋಗಿರುತ್ತದೆ.

ಈ ಲೆಕ್ಕವನ್ನು ಪೂರ್ತಿಯಾಗಿ ನೋಡಿ:

√(ಎಕ್ಸ್ + 7) = ಎಕ್ಸ್ − 5
ಎಕ್ಸ್ + 7 = ಎಕ್ಸ್² − 10ಎಕ್ಸ್ + 25
0 = ಎಕ್ಸ್² − 11ಎಕ್ಸ್ + 18
0 = (ಎಕ್ಸ್ − 2)(ಎಕ್ಸ್ − 9)

ಎಕ್ಸ್ = 2 ಅಥವಾ 9 ಎಂದು ಬರೆದು ಅಡಿಗೆರೆ ಎಳೆಯುವವರೇ ಹೆಚ್ಚು. ಮೊದಲ ಸಾಲಿನ ಸಮೀಕರಣದಲ್ಲಿ ಎಕ್ಸ್ = 9 ಆದೇಶಿಸಿದರೆ ಎಡಕ್ಕೆ √16 = 4, ಬಲಕ್ಕೆ 9 − 5 = 4. ಸರಿಹೋಯಿತು. ಎಕ್ಸ್ = 2 ಆದೇಶಿಸಿದರೆ ಎಡಕ್ಕೆ √9 = 3, ಬಲಕ್ಕೆ −3. ತಾಳೆಯಾಗಲಿಲ್ಲ. ಈ 2 ಎರಡನೇ ಸಾಲಿಗೆ ನಿಜವಾದ ಮೂಲ (ಸಮೀಕರಣಕ್ಕೆ ತಾಳೆಯಾಗುವ ಬೆಲೆ), ಮೊದಲ ಸಾಲಿಗೆ ಅಲ್ಲ. ವರ್ಗ ಮಾಡುವಾಗ ನಡುವೆ ನುಸುಳಿಬಂದದ್ದು ಅದು. ಆದ್ದರಿಂದ ಕರಣಿ ಸಮೀಕರಣದಲ್ಲಿ ತಾಳೆ ನೋಡುವುದು ಮುತುವರ್ಜಿಯ ಮಾತಲ್ಲ, ಲೆಕ್ಕದ ಒಂದು ಭಾಗವೇ. ಅದನ್ನು ಬಿಟ್ಟರೆ ಅಂಕ ಕಡಿತವಾಗುವುದು ನ್ಯಾಯ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಎಕ್ಸ್² = 5ಎಕ್ಸ್ ಎಂಬಲ್ಲಿ ಎರಡೂ ಬದಿಯನ್ನು ಎಕ್ಸ್‌ನಿಂದ ಭಾಗಿಸಿದರೆ ಎಕ್ಸ್ = 5 ಮಾತ್ರ ಉಳಿಯುತ್ತದೆ, ಸೊನ್ನೆ ಎಂಬ ಇನ್ನೊಂದು ಮೂಲ ಕೈತಪ್ಪುತ್ತದೆ. ಭಾಗಿಸುವ ಬದಲು ಎರಡೂ ಬದಿಯಿಂದ 5ಎಕ್ಸ್ ಕಳೆದು ಎಕ್ಸ್(ಎಕ್ಸ್ − 5) = 0 ಎಂದು ಬರೆಯಿರಿ.

ಅಸಮಾನತೆಯಲ್ಲಿ ಇದು ಇನ್ನೂ ಸೂಕ್ಷ್ಮ. 1/ಎಕ್ಸ್ < 1 ಎಂಬುದನ್ನು ಎಕ್ಸ್‌ನಿಂದ ಗುಣಿಸಿ ಎಕ್ಸ್ > 1 ಎಂದು ಮುಗಿಸಬೇಡಿ. ಎಕ್ಸ್ ಋಣಸಂಖ್ಯೆಯಾದರೆ ಚಿಹ್ನೆ ತಿರುಗಬೇಕು, ಅದು ಋಣವೋ ಧನವೋ ನಮಗೆ ಇನ್ನೂ ಗೊತ್ತಿಲ್ಲ. (1 − ಎಕ್ಸ್)/ಎಕ್ಸ್ < 0 ಎಂದು ಮಾಡಿ, ಸಂಖ್ಯಾರೇಖೆಯ ಮೇಲೆ 0 ಮತ್ತು 1 ಗುರುತಿಸಿ, ಮೂರು ಭಾಗಗಳಲ್ಲೂ ಒಂದೊಂದು ಬೆಲೆ ಹಾಕಿ ನೋಡಿ. ಉತ್ತರ: ಎಕ್ಸ್ < 0 ಅಥವಾ ಎಕ್ಸ್ > 1.

ಹಂತ 4: ವರ್ಗ ಪೂರ್ಣಗೊಳಿಸುವುದನ್ನು ಸೂತ್ರಕ್ಕಿಂತ ಮೊದಲು ಕಲಿಯಿರಿ

ವರ್ಗ ಸಮೀಕರಣದ ಸೂತ್ರ ಬಾಯಿಪಾಠವಿದ್ದರೆ ಮೂಲಗಳು ಸಿಗುತ್ತವೆ. ಆದರೆ ಪರವಲಯದ, ಅಂದರೆ ಅದರ ಬಾಗಿದ ನಕ್ಷೆಯ, ತುದಿ ಎಲ್ಲಿದೆ, ಕನಿಷ್ಠ ಬೆಲೆ ಎಷ್ಟು ಎಂದು ನೇರವಾಗಿ ತೋರಿಸಿಕೊಡುವುದು ವರ್ಗ ಪೂರ್ಣಗೊಳಿಸುವ ವಿಧಾನ. 2ಎಕ್ಸ್² − 12ಎಕ್ಸ್ + 7 ತೆಗೆದುಕೊಳ್ಳಿ. ಮೊದಲೆರಡು ಪದಗಳಿಂದ 2 ಹೊರತೆಗೆದರೆ 2(ಎಕ್ಸ್² − 6ಎಕ್ಸ್) + 7. ಆವರಣದೊಳಗೆ 9 ಕೂಡಿಸಬೇಕು. ಎಡವುವುದು ಇಲ್ಲೇ. ಒಳಗೆ ಕೂಡಿಸಿದ 9 ಹೊರಗಿನ 2ರಿಂದ ಗುಣವಾಗಿ 18 ಆಗಿರುತ್ತದೆ, ಆದ್ದರಿಂದ ಹೊರಗೆ ಕಳೆಯಬೇಕಾದ್ದು 18, 9 ಅಲ್ಲ. 2(ಎಕ್ಸ್ − 3)² − 11 ಎಂದಾಗುತ್ತದೆ. ಕನಿಷ್ಠ ಬೆಲೆ −11, ಅದು ಎಕ್ಸ್ = 3 ಆದಾಗ.

ಮೂಲಗಳು ಮಾತ್ರ ಬೇಕಿದ್ದರೆ ಹಿಂದಿನ ಕಾಲದ ಭಾರತೀಯ ಗಣಿತಜ್ಞ ಶ್ರೀಧರಾಚಾರ್ಯರ ವಿಧಾನ ಭಿನ್ನರಾಶಿಯ ರಗಳೆ ತಪ್ಪಿಸುತ್ತದೆ. ಎಕ್ಸ್²ದ ಸಹಗುಣಕದ ನಾಲ್ಕು ಪಟ್ಟಿನಿಂದ ಇಡೀ ಸಮೀಕರಣವನ್ನು ಗುಣಿಸಿ, ನಂತರ ಎಕ್ಸ್‌ನ ಸಹಗುಣಕದ ವರ್ಗವನ್ನು ಕೂಡಿಸುವುದು. 3ಎಕ್ಸ್² + 5ಎಕ್ಸ್ = 1 ಅನ್ನು 12ರಿಂದ ಗುಣಿಸಿದರೆ 36ಎಕ್ಸ್² + 60ಎಕ್ಸ್ = 12. ಎರಡೂ ಬದಿಗೆ 25 ಕೂಡಿಸಿದರೆ (6ಎಕ್ಸ್ + 5)² = 37. ಉತ್ತರ (−5 ± √37)/6. ನಿಖರ ಉತ್ತರ ಕೇಳಿದಾಗ √37 ಅನ್ನು ಹಾಗೆಯೇ ಬಿಡಿ, 6.08 ಎಂದು ಬರೆದರೆ ಅದು ಅಂದಾಜು.

ಹಂತ 5: ಬಹುಪದೋಕ್ತಿಯಲ್ಲಿ ಖಾಲಿ ಜಾಗಕ್ಕೂ ಸೊನ್ನೆ

ಎಕ್ಸ್³ − 7ಎಕ್ಸ್ + 6ಕ್ಕೆ ಸಂಶ್ಲೇಷಿತ ಭಾಗಾಕಾರ (ಸಹಗುಣಕಗಳನ್ನಷ್ಟೇ ಬರೆದು ಭಾಗಿಸುವ ವಿಧಾನ) ಮಾಡುವಾಗ ಸಹಗುಣಕಗಳು 1, 0, −7, 6. ಎಕ್ಸ್² ಇಲ್ಲವೆಂದು ಸೊನ್ನೆ ಬಿಟ್ಟರೆ ಇಡೀ ಸಾಲು ಒಂದು ಮನೆ ಜಾರುತ್ತದೆ. ಎಕ್ಸ್ = 1 ಹಾಕಿದರೆ ಬೆಲೆ ಸೊನ್ನೆ, ಹಾಗಾಗಿ ಎಕ್ಸ್ − 1 ಒಂದು ಅಪವರ್ತನ. ಭಾಗಲಬ್ಧ ಎಕ್ಸ್² + ಎಕ್ಸ್ − 6, ಅಂದರೆ (ಎಕ್ಸ್ + 3)(ಎಕ್ಸ್ − 2).

ಹಂತ 6: ಉತ್ತರವನ್ನು ಪ್ರಶ್ನೆಯ ಬಳಿಗೆ ಮತ್ತೆ ಒಯ್ಯಿರಿ

ಲಾಗರಿದಮ್ಮಿಗೆ ಧನಸಂಖ್ಯೆಯೇ ಬೇಕು. ಆದ್ದರಿಂದ ಋಣ ಮೂಲಗಳು ಬಂದರೆ ಹಂತ 3ರಂತೆಯೇ ತಾಳೆ ನೋಡಿ ಕೈಬಿಡಬೇಕಾಗಬಹುದು. ಹೇಳಿಕೆ ಲೆಕ್ಕಗಳಲ್ಲಿ ಇನ್ನೊಂದು ಎಚ್ಚರ ಬೇಕು. ವರ್ಷಕ್ಕೆ ಶೇ 8ರ ಚಕ್ರಬಡ್ಡಿಯಲ್ಲಿ ಮೊತ್ತ ದುಪ್ಪಟ್ಟಾಗಲು ಎಷ್ಟು ವರ್ಷ? 1.08ರ ಎನ್‌ನೇ ಘಾತ 2ಕ್ಕೆ ಸಮ ಎಂದಿಟ್ಟು ಲಾಗರಿದಮ್ ತೆಗೆದರೆ ಸುಮಾರು 9.006 ಬರುತ್ತದೆ. ‘9 ವರ್ಷ’ ಎಂದು ಬರೆಯುವ ಮುನ್ನ ಬಡ್ಡಿ ಯಾವಾಗ ಸೇರುತ್ತದೆ ನೋಡಿ. ವರ್ಷದ ಕೊನೆಗೆ ಮಾತ್ರ ಸೇರುವುದಾದರೆ 9 ವರ್ಷದ ನಂತರ ಮೊತ್ತ 1.999 ಪಟ್ಟು, ಇನ್ನೂ ದುಪ್ಪಟ್ಟಾಗಿಲ್ಲ. ಸರಿಯುತ್ತರ 10.

ಹೋಂವರ್ಕ್ ಮತ್ತು ಪರೀಕ್ಷೆ

ದಿನಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಐದು ದಿನ ಬೇಕಾಗುತ್ತದೆ. ಭಾನುವಾರ ಒಟ್ಟಿಗೆ ನಾಲ್ಕು ಗಂಟೆ ಕುಳಿತರೆ ಅದೇ ಫಲ ಸಿಗದು. ಒಂದು ಲೆಕ್ಕದಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡರೆ, ಸಿಕ್ಕಿಕೊಂಡ ಸಾಲಿಗೆ ಗುರುತು ಹಾಕಿ ಮುಂದಕ್ಕೆ ಹೋಗಿ. ಮರುದಿನ ಶಿಕ್ಷಕರಿಗೆ ‘ಈ ಲೆಕ್ಕ ಬರಲಿಲ್ಲ’ ಎನ್ನುವುದಕ್ಕಿಂತ ‘ಮೂರನೇ ಸಾಲಿನಿಂದ ನಾಲ್ಕಕ್ಕೆ ಹೋಗಲಾಗಲಿಲ್ಲ ಸರ್’ ಎಂದು ಕೇಳಿದರೆ ಎರಡು ನಿಮಿಷದಲ್ಲಿ ಪರಿಹಾರ ಸಿಗುತ್ತದೆ. ಕ್ಯಾಲ್ಕುಲೇಟರ್ ಇದ್ದರೆ ಋಣಸಂಖ್ಯೆಗೆ ತಪ್ಪದೆ ಆವರಣ ಹಾಕಿ.

ಪರೀಕ್ಷೆಯಲ್ಲಿ ಕೊನೆಯ ಎಂಟು-ಹತ್ತು ನಿಮಿಷ ತಾಳೆಗೆ ಮೀಸಲಿಡಿ. ಮೊದಲು ಕರಣಿ, ಲಾಗರಿದಮ್ ಲೆಕ್ಕ ನೋಡಿ, ಉಳಿದವು ಆಮೇಲೆ. ತಿದ್ದಿ ಬಂದ ಉತ್ತರಪತ್ರಿಕೆಯನ್ನು ಎತ್ತಿಡಬೇಡಿ. ತಪ್ಪಾದ ಪ್ರತಿ ಲೆಕ್ಕವನ್ನೂ ಬೇರೊಂದು ಪುಸ್ತಕದಲ್ಲಿ ಹೊಸದಾಗಿ ಮಾಡಿ, ಪಕ್ಕದಲ್ಲಿ ತಪ್ಪಿನ ಜಾತಿ ಬರೆಯಿರಿ: ಚಿಹ್ನೆ, ಆವರಣ, ತಾಳೆ ನೋಡಿಲ್ಲ, ವಿಷಯವೇ ಗೊತ್ತಿರಲಿಲ್ಲ. ಮೂರು ಪರೀಕ್ಷೆ ಕಳೆಯುವಷ್ಟರಲ್ಲಿ ಯಾವ ಪದ ಮತ್ತೆ ಮತ್ತೆ ಬಂದಿದೆ ಎಂದು ಎಣಿಸಿ. ಮುಂದಿನ ವಾರ ದಿನದ ಅಭ್ಯಾಸದಲ್ಲಿ ಮೊದಲ ಹತ್ತು ನಿಮಿಷ ಅದಕ್ಕೇ ಕೊಡಿ.