ಶಾಸಕರಿಗೆ ಮನವಿ ಬೇಡ, ಪ್ರಶ್ನೆ ಬರೆದುಕೊಡಿ

ಬೆಂಗಳೂರಿನಲ್ಲಿ ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗಿನ ನಮ್ಮ ಶಾಖೆಯಲ್ಲಿ ಸಂಜೆ ಐದು ಗಂಟೆ ಅಂದರೆ ಟಿಫನ್ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿನ ಲೆಕ್ಕ ಹಾಕುವ ಹೊತ್ತು. ಸರಿಯಾಗಿ ಅದೇ ಹೊತ್ತಿಗೆ ಅಧೀನ ಕಾರ್ಯದರ್ಶಿಗಳ ಕೋಣೆಯಿಂದ ಕೂಗು ಬರುತ್ತಿತ್ತು: "ಎಲ್‌ಎಕ್ಯೂ ಬಂದಿದೆ, ಯಾರೂ ಹೊರಡಬೇಡಿ!"

ಎಲ್‌ಎಕ್ಯೂ ಅಂದರೆ ವಿಧಾನಸಭೆಯ ಸದಸ್ಯರು ಕೇಳಿದ ಪ್ರಶ್ನೆ. ಪರಿಷತ್ತಿನದಾದರೆ ಎಲ್‌ಸಿಕ್ಯೂ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿ ಇಪ್ಪತ್ತು ವರ್ಷ ಅವಕ್ಕೆ ಉತ್ತರ ಸಿದ್ಧಪಡಿಸಿ ನಿವೃತ್ತಳಾದವಳು ನಾನು. ಸಾರ್ವಜನಿಕರ ಮನವಿಗಳೂ ನಮ್ಮ ಮೇಜಿಗೇ ಬರುತ್ತಿದ್ದವು. "ಸೂಕ್ತ ಕ್ರಮಕ್ಕಾಗಿ" ಎಂದು ಬರೆದು ಕೆಳಗಿನ ಕಚೇರಿಗೆ ಕಳಿಸಿದರೆ ಮುಗಿಯಿತು, ಆಮೇಲೆ ಅವುಗಳ ಗತಿ ದೇವರೇ ಬಲ್ಲ. ಅದೇ ವಿಷಯ ಎಲ್‌ಎಕ್ಯೂ ಆಗಿ ಬಂದರೆ ಜಿಲ್ಲೆ ಜಿಲ್ಲೆಗೆ ಫೋನು, ರಾತ್ರಿ ಎಂಟರವರೆಗೆ ಟೈಪಿಂಗು, ಕೊನೆಗೆ ಸಚಿವರ ಸಹಿ. ಸಚಿವರು ಸಹಿ ಹಾಕುವ ಕಾಗದದಲ್ಲಿ ಸುಳ್ಳು ಅಂಕಿ ಹೋದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ, ಮಾತು ಬರುತ್ತದೆ ಅನ್ನುವ ಭಯ ಎಲ್ಲರಿಗೂ ಇತ್ತು.

ಅದಕ್ಕೇ ಈಗ ನಮ್ಮ ಬೀದಿಯವರು ಯಾರಾದರೂ "ಎಂಎಲ್‌ಎಗೆ ಒಂದು ಮನವಿ ಬರೆದುಕೊಡಿ ಮೇಡಂ" ಅಂತ ಬಂದರೆ, "ಪ್ರಶ್ನೆ ಬರೆಯೋಣ ಬನ್ನಿ" ಅನ್ನುತ್ತೇನೆ.

ಮೊದಲು ಕಾಲ ನೋಡಬೇಕು. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದೆಂದು ಸಂವಿಧಾನದ 174ನೇ ವಿಧಿ ಹೇಳುತ್ತದೆ. ನಮ್ಮಲ್ಲಿ ವರ್ಷದ ಆರಂಭದಲ್ಲಿ ರಾಜ್ಯಪಾಲರ ಭಾಷಣದ ಜಂಟಿ ಅಧಿವೇಶನ, ಅದರ ಬೆನ್ನಿಗೆ ಬಜೆಟ್, ಮಳೆಗಾಲದಲ್ಲಿ ಒಂದು, ಚಳಿಗಾಲದ್ದು ಸಾಮಾನ್ಯವಾಗಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಟಿವಿಯಲ್ಲಿ ಗಲಾಟೆ ಶುರುವಾದ ಮೇಲೆ ಶಾಸಕರ ಮನೆಗೆ ಓಡಿದರೆ ಪ್ರಯೋಜನವಿಲ್ಲ. ಸದಸ್ಯರು ಪ್ರಶ್ನೆಯ ಸೂಚನೆಯನ್ನು ಮುಂಚಿತವಾಗಿ ವಿಧಾನಸಭೆಯ ಸಚಿವಾಲಯಕ್ಕೆ ಕೊಟ್ಟಿರಬೇಕು, ಇಲಾಖೆಗೆ ಉತ್ತರ ಕೂಡಿಸಲು ದಿನ ಬೇಕು. ಅಧಿವೇಶನದ ದಿನಾಂಕ ಪೇಪರಿನಲ್ಲಿ ಬಂದ ದಿನವೇ ನಿಮ್ಮ ಕಾಗದ ಕೈಯಲ್ಲಿ ಸಿದ್ಧವಿರಲಿ.

ಪ್ರಶ್ನೆಯಲ್ಲಿ ಎರಡು ಜಾತಿ. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಆದರೆ ಪಟ್ಟಿಯಲ್ಲಿ ಮೇಲಿರುವ ಕೆಲವಕ್ಕೇ ಸಮಯ ಸಿಗುತ್ತದೆ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಟಿವಿಯಲ್ಲಿ ಬರುವುದಿಲ್ಲ ಅನ್ನುವುದೊಂದೇ ಅದರ ಕೊರತೆ. ನನ್ನ ಮತ ಯಾವಾಗಲೂ ಎರಡನೆಯದಕ್ಕೆ, ಏಕೆಂದರೆ ನಮಗೆ ಬೇಕಾದದ್ದು ಅಂಕಿಅಂಶದ ಕೋಷ್ಟಕ.

ಈಗ ಬರೆಯುವ ಬಗೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಶಾಖಾ ಗ್ರಂಥಾಲಯದ ಸೋರುವ ಸೂರಿನ ಬಗ್ಗೆ ತಾವೇ ಒಂದು ಪ್ರಶ್ನೆ ಬರೆದು ತಂದಿದ್ದರು. ಮುತ್ತಿನಂಥ ಅಕ್ಷರ: "ನಮ್ಮ ಬಡಾವಣೆಯ ಗ್ರಂಥಾಲಯ ಶಿಥಿಲಾವಸ್ಥೆಯಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?"

"ಮೇಷ್ಟ್ರೇ, ಇದಕ್ಕೆ ಉತ್ತರ ನಾನೇ ಐದು ನಿಮಿಷದಲ್ಲಿ ಬರೆದುಬಿಡ್ತಿದ್ದೆ" ಅಂದೆ. ಮೊದಲನೆಯದಕ್ಕೆ "ಬಂದಿರುವುದಿಲ್ಲ." ಎರಡನೆಯದಕ್ಕೆ "ಉದ್ಭವಿಸುವುದಿಲ್ಲ." ಅಲ್ಲಿಗೆ ಕಡತ ಮುಕ್ತಾಯ. ಗಮನಕ್ಕೆ ಬಂದಿದೆಯೇ ಅನ್ನುವ ಕೊಕ್ಕೆಗೆ ಉಳಿದ ಪ್ರಶ್ನೆಗಳನ್ನೆಲ್ಲ ನೇತುಹಾಕಿದರೆ, ಆ ಕೊಕ್ಕೆ ಕಿತ್ತರೆ ಎಲ್ಲವೂ ಕೆಳಕ್ಕೆ. ಪ್ರತಿ ಅಧಿವೇಶನದಲ್ಲೂ ಎಷ್ಟೋ ಪ್ರಶ್ನೆಗಳು ಹೀಗೇ ಬಿದ್ದುಹೋಗುವುದನ್ನು ಕಂಡಿದ್ದೇನೆ, ಕೆಡವಿದ್ದೇನೆ ಕೂಡ.

ನಾವು ಕೂತು ತಿದ್ದಿದ್ದು ಹೀಗೆ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವವರೆಲ್ಲ ಅದರ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಸೆಸ್, ಕಡತದ ಭಾಷೆಯಲ್ಲಿ ಉಪಕರ, ಕಟ್ಟುತ್ತಾರೆ. ಅಲ್ಲಿಂದಲೇ ಹಿಡಿದೆವು.

(ಅ) ಬೆಂಗಳೂರು ನಗರದಲ್ಲಿ ಕಳೆದ 3 ಆರ್ಥಿಕ ವರ್ಷಗಳಲ್ಲಿ ಸಂಗ್ರಹವಾದ ಗ್ರಂಥಾಲಯ ಉಪಕರದ ಮೊತ್ತವೆಷ್ಟು. (ವರ್ಷವಾರು ವಿವರ ನೀಡುವುದು)
(ಆ) ಆ ಪೈಕಿ ಗ್ರಂಥಾಲಯಗಳಿಗಾಗಿ ವರ್ಗಾಯಿಸಲಾದ ಮೊತ್ತ ಹಾಗೂ ಬಾಕಿ ಮೊತ್ತವೆಷ್ಟು;
(ಇ) (ನಮ್ಮ ಕ್ಷೇತ್ರದ ಹೆಸರು) ವಿಧಾನಸಭಾ ಕ್ಷೇತ್ರದ ಪ್ರತಿ ಶಾಖಾ ಗ್ರಂಥಾಲಯ ಕಟ್ಟಡಕ್ಕೆ ಕೊನೆಯ ಬಾರಿ ದುರಸ್ತಿ ಮಾಡಿದ ವರ್ಷ ಹಾಗೂ ವೆಚ್ಚವೆಷ್ಟು. (ಕಟ್ಟಡವಾರು ವಿವರ ನೀಡುವುದು)
(ಈ) ಬಾಕಿ ಮೊತ್ತವನ್ನು ಯಾವ ಕಾಲಮಿತಿಯೊಳಗೆ ವರ್ಗಾಯಿಸಲಾಗುವುದು?

ಒಂದನ್ನೂ "ಉದ್ಭವಿಸುವುದಿಲ್ಲ" ಅಂತ ತಳ್ಳುವುದು ಸುಲಭವಲ್ಲ. "ವರ್ಷವಾರು", "ಕಟ್ಟಡವಾರು" ಅನ್ನುವ ಪದಗಳು ಚಿಕ್ಕವು, ಆದರೆ ಅವು ಇಲ್ಲದಿದ್ದರೆ ಒಟ್ಟು ಮೊತ್ತವೊಂದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹತ್ತು ವರ್ಷದ ವಿವರ ಕೇಳಬೇಡಿ. "ಮಾಹಿತಿಯನ್ನು ಕ್ರೋಡೀಕರಿಸಲಾಗುತ್ತಿದೆ" ಅನ್ನಲು ನೀವೇ ದಾರಿ ಮಾಡಿಕೊಟ್ಟಂತೆ. ಯಾವ ಸಚಿವರಿಗೆ ಅನ್ನುವುದನ್ನೂ ನೋಡಿಕೊಳ್ಳಿ. ಇಲ್ಲಿ ಸೆಸ್ ವಸೂಲಿ ಮಾಡುವವರು ಒಬ್ಬರು, ಗ್ರಂಥಾಲಯ ನಡೆಸುವವರು ಇನ್ನೊಬ್ಬರು. ತಪ್ಪು ಇಲಾಖೆಗೆ ಹೋದ ಪ್ರಶ್ನೆ ಅಲ್ಲಿಂದಿಲ್ಲಿಗೆ ವರ್ಗವಾಗುವುದರಲ್ಲೇ ಅಧಿವೇಶನ ಮುಗಿದಿರುತ್ತದೆ. ನಾವು (ಇ) ಭಾಗವನ್ನು ಬಿಡಿಸಿ ಎರಡು ಪ್ರಶ್ನೆ ಮಾಡಿದೆವು.

ಕೊಡುವುದು ಯಾರಿಗೆ? ಮೊದಲು ನಿಮ್ಮ ಶಾಸಕರಿಗೆ. ಬೆಳಿಗ್ಗೆ ಎಂಟಕ್ಕೆ ನಾವು ಹೋದಾಗ ಆಫೀಸಿನ ಮುಂದೆ ಐವತ್ತು ಜನ. ಶಾಲೆ ಸೀಟು, ವರ್ಗಾವಣೆ, ಮದುವೆ ಕರೆಯೋಲೆ, ಮೋರಿ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಮೋರಿಗೂ ಎಂಎಲ್‌ಎಯೇ ಗತಿ. ಪಿಎ ಹುಡುಗ ತಲೆಯೆತ್ತದೆ, "ಮನವಿ ಇಟ್ಟು ಹೋಗಿ ಅಮ್ಮ, ಸಾರ್‌ಗೆ ತೋರಿಸ್ತೀನಿ" ಅಂದ.

"ಮನವಿ ಅಲ್ಲಪ್ಪ, ಎಲ್‌ಎಕ್ಯೂ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ತಂದಿದೀವಿ, ಸಾರ್ ಸಹಿ ಮಾಡಿದ್ರೆ ಸಾಕು."

ಆಗ ಕುರ್ಚಿ ಎಳೆದುಕೊಟ್ಟ. ಅವನ ಕಷ್ಟವೂ ಇದೆ ನೋಡಿ: ಶಾಸಕರು ಪ್ರಶ್ನೆ ಕೇಳಬೇಕು, ಬರೆಯುವವನು ಇವನು, ಇವನಿಗೆ ಪುರುಸೊತ್ತಿಲ್ಲ. ಸಿದ್ಧ ಪ್ರಶ್ನೆ ತಂದವರನ್ನು ಯಾವ ಪಿಎಯೂ ಬೇಡ ಅನ್ನುವುದಿಲ್ಲ. ಒಂದೇ ಹಾಳೆ ಇರಲಿ, ಸಾಫ್ಟ್ ಕಾಪಿಯನ್ನೂ ಕಳಿಸಿ.

ನಿಮ್ಮ ಶಾಸಕರು ಆಡಳಿತ ಪಕ್ಷದವರಾಗಿ, ತಮ್ಮದೇ ಸಚಿವರನ್ನು ಕೇಳಲು ಹಿಂಜರಿದರೆ ಬೇಸರ ಬೇಡ. ಸಭೆಯಲ್ಲಿ 224 ಜನ ಇದ್ದಾರೆ, ಯಾವ ಕ್ಷೇತ್ರದ ವಿಷಯವನ್ನಾದರೂ ಕೇಳಬಹುದು. ಇನ್ನೊಂದು ಬಾಗಿಲು ಪರಿಷತ್ತು. ಅಲ್ಲಿನ 75 ಸದಸ್ಯರಲ್ಲಿ 7 ಜನರನ್ನು ಪದವೀಧರರು, 7 ಜನರನ್ನು ಶಿಕ್ಷಕರು ಆರಿಸುತ್ತಾರೆ. ಡಿಗ್ರಿ ಆಗಿ ಮೂರು ವರ್ಷ ಕಳೆದವರು ನಮೂನೆ 18 ತುಂಬಿ ಪದವೀಧರ ಕ್ಷೇತ್ರದ ಮತದಾರರಾಗಬಹುದು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಹೋದ ಸಲ ಹೆಸರಿತ್ತು ಅಂತ ಸುಮ್ಮನೆ ಕೂತವರು ಮತಗಟ್ಟೆಯಿಂದ ವಾಪಸ್ ಬಂದಿದ್ದಾರೆ. ನಮ್ಮ ಮನೆಯಲ್ಲೇ ಒಬ್ಬರು, ಹೆಸರು ಹೇಳುವುದಿಲ್ಲ.

ಉತ್ತರ ಬಂದ ಮೇಲೆ ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. "ಪರಿಶೀಲನೆಯಲ್ಲಿದೆ" ಅಂದರೆ ಕಡತ ಯಾರದೋ ಮೇಜಿನ ಮೇಲಿದೆ. "ಅನುದಾನದ ಲಭ್ಯತೆಗನುಗುಣವಾಗಿ" ಅಂದರೆ ಈ ವರ್ಷ ಇಲ್ಲ. "ಕ್ರಮ ಕೈಗೊಳ್ಳಲಾಗುವುದು" ಅನ್ನುವುದನ್ನು ಕಂಡರೆ ಮಾತ್ರ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಸದನದಲ್ಲಿ ಕೊಟ್ಟ ಮಾತನ್ನು ಬೆನ್ನುಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ, ದಿನಾಂಕ ಬರೆದು ಅದರ ಅಧ್ಯಕ್ಷರಿಗೆ ಕಾಗದ ಹಾಕಬಹುದು. ನಮ್ಮ ಶಾಖೆಯಲ್ಲಿ ಎಲ್‌ಎಕ್ಯೂಗಿಂತ ಹೆಚ್ಚು ಹೆದರುತ್ತಿದ್ದದ್ದು ಆ ಸಮಿತಿಯ ಪತ್ರಕ್ಕೆ, ಏಕೆಂದರೆ ಅದು ಅಧಿವೇಶನದ ಜೊತೆ ಮುಗಿದುಹೋಗುವುದಿಲ್ಲ.

ವಿಧೇಯಕಗಳ ವಿಷಯದಲ್ಲಿ ನಮ್ಮ ಕೈ ಅಷ್ಟು ಉದ್ದ ಇಲ್ಲ. ಎಷ್ಟೋ ಸಲ ಮಂಡನೆಯಾದ ವಾರದಲ್ಲೇ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಗಿಬಿಡುತ್ತದೆ. ಜಂಟಿ ಪರಿಶೀಲನಾ ಸಮಿತಿಗೆ ಹೋದರೆ ಅದು ನಮ್ಮ ಅದೃಷ್ಟ. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ 2024ರ ಜುಲೈನಲ್ಲಿ ಮಂಡನೆಯಾಗಿ ಅಂಥ ಸಮಿತಿಗೆ ಹೋಯಿತು, ಸಮಿತಿ ಜನರ ಅಭಿಪ್ರಾಯ ಕೇಳಿತು. 2025ರ ಮಾರ್ಚ್‌ನಲ್ಲಿ ಎರಡೂ ಸದನ ಒಪ್ಪಿದ ಮೇಲೂ ರಾಜ್ಯಪಾಲರು ವಿವರಣೆ ಕೇಳಿ ಒಮ್ಮೆ ವಾಪಸ್ ಕಳಿಸಿ, ಏಪ್ರಿಲ್‌ನಲ್ಲಿ ಅಂಕಿತ ಹಾಕಿದರು. ಮೇ 15ರಿಂದ ಜಾರಿ. ಇಂಥ ಸಮಿತಿಗೆ ಬರೆಯುವಾಗ "ಬೆಂಗಳೂರನ್ನು ಉಳಿಸಿ" ಎಂದು ಎರಡು ಪುಟ ಬರೆಯಬೇಡಿ. ಇಂತಿಷ್ಟನೇ ಖಂಡದಲ್ಲಿ ಈ ಪದಗಳ ಬದಲು ಈ ಪದಗಳನ್ನು ಸೇರಿಸಬೇಕು, ಕಾರಣ ಇದು, ಅಷ್ಟೇ. ವಿಧೇಯಕದಲ್ಲಿ ಇರುವುದು ಖಂಡ, ಕಾಯ್ದೆಯಾದ ಮೇಲೆ ಅದು ಪ್ರಕರಣ. ಈ ವ್ಯತ್ಯಾಸ ಗೊತ್ತಿರುವ ಕಾಗದವನ್ನು ಗುಮಾಸ್ತರು ಪಕ್ಕಕ್ಕೆ ತೆಗೆದಿಡುತ್ತಾರೆ. ಕಾಯ್ದೆಯಾದ ಮೇಲೆ ಅದರ ಕರಡು ನಿಯಮಗಳು ರಾಜ್ಯಪತ್ರದಲ್ಲಿ ಬಂದು ಆಕ್ಷೇಪಣೆ ಕರೆಯುತ್ತಾರಲ್ಲ, ಅದನ್ನು ಓದುವವರೇ ಇಲ್ಲ. ನಿಮ್ಮ ಒಂದು ಪತ್ರಕ್ಕೆ ಅಲ್ಲಿ ಹೆಚ್ಚು ತೂಕ.

ಒಮ್ಮೆ ಗ್ಯಾಲರಿಯಲ್ಲೂ ಕೂತು ನೋಡಿ. ಶಾಸಕರ ಶಿಫಾರಸಿನ ಮೇಲೆ ಪಾಸ್ ಸಿಗುತ್ತದೆ, ಮೆಟ್ರೊದಲ್ಲಿ ವಿಧಾನಸೌಧ ನಿಲ್ದಾಣಕ್ಕೆ ಇಳಿದರೆ ಎದುರಿಗೇ. ಮೊಬೈಲ್ ಒಳಗೆ ಬಿಡುವುದಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ಊಟವಾದ ಮೇಲೆ ಸೀಟುಗಳು ಖಾಲಿಯಾಗಿ ಕೋರಂ ಬೆಲ್ ಹೊಡೆಯುವುದನ್ನು ಮೇಷ್ಟ್ರು ಅಲ್ಲೇ ಮೊದಲು ಕೇಳಿದ್ದು. ಸಭೆ ನಡೆಯಲು ಹತ್ತರಲ್ಲೊಂದು ಪಾಲು, ಅಂದರೆ 23 ಜನ ಇದ್ದರೆ ಸಾಕು. "ನಮ್ಮ ಶಾಲೇಲಿ ಇಷ್ಟು ಹಾಜರಾತಿ ಇದ್ದಿದ್ರೆ ಇನ್‌ಸ್ಪೆಕ್ಟರು ಬಿಡ್ತಿದ್ರಾ?" ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಮಾರ್ಷಲ್ ಒಬ್ಬರು ತಿರುಗಿ ನೋಡಿದರು.

ನಮ್ಮ ಪ್ರಶ್ನೆಗೆ ಉತ್ತರ ಬಂತು. ಅನುಬಂಧದಲ್ಲಿ ಕಟ್ಟಡವಾರು ಕೋಷ್ಟಕ. ನಮ್ಮ ಶಾಖಾ ಗ್ರಂಥಾಲಯದ ಸಾಲಿನಲ್ಲಿ "ಕೊನೆಯ ದುರಸ್ತಿ" ಅನ್ನುವ ಕಡೆ ಒಂದು ಅಡ್ಡಗೆರೆ, ಅಷ್ಟೇ. ಆ ಪುಟದ ಪ್ರಿಂಟ್ ಹಿಡಿದು ಮೇಷ್ಟ್ರು ಮತ್ತೆ ಶಾಸಕರ ಆಫೀಸಿಗೆ ಹೋದರು. ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ, ಅದರಲ್ಲಿ ಸೂರಿನ ಕೆಲಸಕ್ಕೆ ಪತ್ರ ಕೊಡಲು ಒಪ್ಪಿದ್ದಾರಂತೆ. ಸೂರು ಇನ್ನೂ ಸೋರುತ್ತಿದೆ. ಮುಂದಿನ ಅಧಿವೇಶನಕ್ಕೆ ಮೇಷ್ಟ್ರು ಎರಡನೇ ಪ್ರಶ್ನೆ ಬರೆದು ನಿನ್ನೆ ತಂದು ತೋರಿಸಿದರು. ಮೊದಲ ಸಾಲು: "ಸರ್ಕಾರದ ಗಮನಕ್ಕೆ ಬಂದಿದೆಯೇ." ಹೊಡೆದುಹಾಕಿದೆ. "ಒಂದು ಮರ್ಯಾದೆಗೆ ಇರಲಿ ಅಂತ ಬರೆದೆ ಕಣಮ್ಮ" ಅಂದರು.