ಫೈಲಿನ ತುಂಡಿಗೆ ಒಂದೊಂದು ಪೈಸೆ ಕೊಡುವುದು ಹೇಗೆ?

ಪೀರ್-ಟು-ಪೀರ್ ಜಾಲದಲ್ಲಿ ಲಿನಕ್ಸ್ (ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶ) ತರಹದ ದೊಡ್ಡ ಫೈಲ್ ಯಾರ್ಯಾರದೋ ಮನೆಯ ಕಂಪ್ಯೂಟರ್‌ಗಳಿಂದ ತುಂಡು ತುಂಡಾಗಿ ಬರುತ್ತದೆ. ಕರೆಂಟು ಅವರದು, ಡೇಟಾ ಅವರದು. ತುಂಡಿಗೊಂದು ಪೈಸೆಯಾದರೂ ಕೊಡಬೇಕು ಅಲ್ವಾ? ಆದರೆ 1 ಜಿಬಿ ಫೈಲನ್ನು 256 ಕೆಬಿಯಂತೆ ಒಡೆದರೆ 4,096 ತುಂಡು. ಪ್ರತಿಸಲ ಬ್ಯಾಂಕಿನ ಮೂಲಕ ಕಳಿಸಿದರೆ ಪೈಸೆಗಿಂತ ಖರ್ಚೇ ಜಾಸ್ತಿ.

1996ರಲ್ಲಿ ಗೂಢಲಿಪಿ ತಜ್ಞರಾದ ರಾನ್ ರಿವೆಸ್ಟ್ ಮತ್ತು ಆದಿ ಶಮೀರ್ 'ಪೇವರ್ಡ್' ಎಂಬ ಉಪಾಯ ಕೊಟ್ಟರು. ಇಷ್ಟು ಸರಳವಾದದ್ದು ಇಷ್ಟು ಕೆಲಸ ಮಾಡುತ್ತದಲ್ಲ ಎಂದು ನನಗೆ ಈಗಲೂ ಖುಷಿ. ಅದನ್ನು ಇಲ್ಲಿಗೆ ಹೊಂದಿಸುವುದು ಹೀಗೆ.

ಮೊದಲು ಮಧ್ಯವರ್ತಿಯೊಬ್ಬರ ಹತ್ತಿರ ಖಾತೆ ತೆರೆಯಿರಿ. ನೀವು ದುಡ್ಡು ಕೊಡುವವರೇ ಎಂದು ಅವರು ಸರ್ಟಿಫಿಕೇಟ್ ಕೊಡುತ್ತಾರೆ.

ಆಮೇಲೆ ಸರಪಳಿ. ನಿಮ್ಮ ಕಂಪ್ಯೂಟರ್ ಯಾರೂ ಊಹಿಸಲಾಗದ ದೊಡ್ಡ ಸಂಖ್ಯೆಯೊಂದನ್ನು ಆರಿಸಿ ಹ್ಯಾಶ್ ಮಾಡುತ್ತದೆ. ಬಂದದ್ದನ್ನು ಮತ್ತೆ ಹ್ಯಾಶ್ ಮಾಡುತ್ತದೆ. ಹೀಗೆ 4,096 ಸಲ. ಹ್ಯಾಶ್ ಅಂದರೆ ಕಾಫಿ ಬೀಜ ಪುಡಿ ಮಾಡಿದ ಹಾಗೆ: ಪುಡಿಯಿಂದ ಬೀಜ ವಾಪಸ್ ಬರುವುದಿಲ್ಲ.

ಕಟ್ಟಕಡೆಗೆ ಬಂದ ಸಂಖ್ಯೆಗೆ ಡಿಜಿಟಲ್ ಸಹಿ ಹಾಕಿ, ಫೈಲ್ ಕೊಡುವವರಿಗೆ ಕಳಿಸಿ. ಸಹಿ ಒಂದೇ ಸಲ.

ಈಗ ತುಂಡು ಬಂತು. ಸರಿಯಿದೆಯೇ ನೋಡಿ, ಆ ಸಂಖ್ಯೆಗಿಂತ ಒಂದು ಹೆಜ್ಜೆ ಹಿಂದಿನ ಸಂಖ್ಯೆ ಕೊಡಿ. ಅವರು ಅದನ್ನು ಹ್ಯಾಶ್ ಮಾಡಿದಾಗ ಕೈಲಿರುವ ಸಂಖ್ಯೆಯೇ ಬಂದರೆ ಪೈಸೆ ಸಂದಿತು. ಮುಂದಿನ ತುಂಡಿಗೆ ಇನ್ನೊಂದು ಹೆಜ್ಜೆ ಹಿಂದಿನದು. ನೀವು ಕೊಡದ ಸಂಖ್ಯೆಯನ್ನು ಅವರು ತಾವೇ ಹುಟ್ಟಿಸಲಾರರು. ಮಧ್ಯೆ ಯಾರಾದರೂ ಕೈಕೊಟ್ಟರೆ ಹೋಗುವುದು ಒಂದು ತುಂಡಿನ ಬೆಲೆ ಅಷ್ಟೇ. ಕೆಲಸವೂ ಹಗುರ: ಆರ್‌ಎಸ್‌ಎ ಎಂಬ ವಿಧಾನದ ಡಿಜಿಟಲ್ ಸಹಿಯೊಂದನ್ನು ಪರೀಕ್ಷಿಸುವ ಹೊತ್ತಿನಲ್ಲಿ ಸುಮಾರು 100 ಹ್ಯಾಶ್ ಮುಗಿಯುತ್ತದೆ ಎಂದು ರಿವೆಸ್ಟ್ ಮತ್ತು ಶಮೀರ್ ಆಗ ಲೆಕ್ಕ ಹಾಕಿದ್ದರು.

ದಿನದ ಕೊನೆಗೆ ಫೈಲ್ ಕೊಟ್ಟವರು ನಿಮ್ಮ ಸಹಿಯನ್ನೂ ನೀವು ಕೊನೆಗೆ ಕೊಟ್ಟ ಸಂಖ್ಯೆಯನ್ನೂ ಮಧ್ಯವರ್ತಿಗೆ ತೋರಿಸಿ ಒಟ್ಟು ದುಡ್ಡು ಪಡೆಯುತ್ತಾರೆ. ಹಾಲಿನವರ ತಿಂಗಳ ಲೆಕ್ಕದ ಹಾಗೆ.

ಒಂದು ತೊಡಕಿದೆ. ಒಬ್ಬೊಬ್ಬರಿಗೂ ಬೇರೆ ಸರಪಳಿ ಬೇಕು. 40 ಜನರಿಂದ ತುಂಡು ತಂದರೆ 40 ಸರಪಳಿ. ಹಾಗಾಗಿ ಗಿಡ್ಡ ಸರಪಳಿ ಮಾಡಿ, ಮುಗಿದರೆ ಹೊಸದು ಹೊಸೆಯಿರಿ.

ದುಡ್ಡೇ ಬೇಡ ಅನ್ನುವ ದಾರಿಯೂ ಇದೆ. 'ಮೋಜೋ' ಎಂಬ ನಾಣ್ಯ ಬಳಸುತ್ತಿದ್ದ ಫೈಲ್ ಹಂಚುವ ಜಾಲ ಮೋಜೋ ನೇಷನ್‌ನಲ್ಲಿ ದುಡಿದಿದ್ದ ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ಎಂಬ ಫೈಲ್ ಹಂಚುವ ವ್ಯವಸ್ಥೆ ತಂದರು. ನೀನು ಕೊಟ್ಟರೆ ನಾನೂ ಕೊಡುತ್ತೇನೆ, ಅಷ್ಟೇ ಅದರ ನಿಯಮ. ಆದರೆ ಫೈಲ್ ಪೂರ್ತಿ ಇರುವವರಿಗೆ ನಿಮ್ಮಿಂದ ಬೇಕಾದ ತುಂಡು ಯಾವುದೂ ಇರುವುದಿಲ್ಲ. ಸುಮ್ನೆ ರಾತ್ರಿಯಿಡೀ ಕಂಪ್ಯೂಟರ್ ಆನ್ ಇಡುವ ಅವರಿಗೇ ಈ ಪೈಸೆ ಸೇರಬೇಕು.