ಕಾಡಿನ ಸಭೆಯಲ್ಲಿ ಹೆಂಗಸರ ಮಾತು ದಾಖಲಾಗುವುದು ಹೇಗೆ?

ಬೇಸಿಗೆಯಲ್ಲೂ ಬತ್ತದ ಒರತೆ ಎಲ್ಲಿದೆ? ಯಾವ ಗುಡ್ಡದ ನೆಲ್ಲಿ ಮೊದಲು ಬಲಿಯುತ್ತದೆ? ಒಣಸೌದೆಗೆ ಈಗ ಎಷ್ಟು ದೂರ ನಡೆಯಬೇಕು? ಕಾಡಂಚಿನ ಊರುಗಳಲ್ಲಿ ಇದಕ್ಕೆಲ್ಲ ಥಟ್ಟನೆ ಉತ್ತರ ಕೊಡುವವರು ಹೆಂಗಸರು. ಅದೇ ಕಾಡಿನ ಬಗ್ಗೆ ಸಭೆ ಸೇರಿದಾಗ ಮಾತ್ರ ಅವರು ಬಾಗಿಲ ಬಳಿ ಕುಳಿತು, ನಡಾವಳಿ ಪುಸ್ತಕಕ್ಕೆ ಹೆಬ್ಬೆಟ್ಟೊತ್ತಿ, ಒಲೆ ಹಚ್ಚುವ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಇಷ್ಟು ಹೆಂಗಸರು ಇರಲೇಬೇಕೆಂದು ಕಾನೂನು ಹೇಳುತ್ತದೆ. ಅವರ ಮಾತು ಪುಸ್ತಕಕ್ಕೆ ಇಳಿಯುವಂತೆ ನೋಡಿಕೊಳ್ಳಬೇಕಾದವರು ಊರಿನವರು.

2006ರ ಅರಣ್ಯ ಹಕ್ಕು ಕಾಯ್ದೆ ಎಂದ ಕೂಡಲೇ ಎಲ್ಲರಿಗೂ ಸಾಗುವಳಿ ಜಮೀನಿನ ಹಕ್ಕುಪತ್ರ ನೆನಪಾಗುತ್ತದೆ. ಆದರೆ ಊರಿನ ಕಾಡನ್ನು ಊರೇ ಕಾಯುವ, ನಿರ್ವಹಿಸುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕುಗಳು ಸಿಕ್ಕಿದ್ದು ಹುಲಿ ರಕ್ಷಿತಾರಣ್ಯದ ಒಳಗೇ. ನಿಮ್ಮ ಊರಿನಲ್ಲಿ ಆ ಕೆಲಸ ಶುರುವಾಗುವುದಿದ್ದರೆ ಹೀಗೆ ಮಾಡಿ.

ಮೊದಲು ಸಮಿತಿ

ಪಂಚಾಯಿತಿ ಕಚೇರಿಯಲ್ಲಿ ನಾಲ್ಕಾರು ಊರಿಗೆ ಸೇರಿಸಿ ನಡೆಯುವ ಗ್ರಾಮಸಭೆಯೇ ಸಾಕೆಂದು ಬಿಡಬೇಡಿ. ಇಲ್ಲಿ ಗ್ರಾಮಸಭೆ ಎಂದರೆ ನಿಮ್ಮ ಊರಿನ, ನಿಮ್ಮ ಹಾಡಿಯ, ನಿಮ್ಮ ಪೋಡಿನ ವಯಸ್ಕರೆಲ್ಲರ ಸಭೆ. ಅದು 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಲೇಬೇಕು. ಹದಿನೈದು ಜನರ ಸಮಿತಿಯಾದರೆ ಐವರು.

ಆ ಐವರು ಯಾರು ಎಂಬುದರಲ್ಲೇ ಅರ್ಧ ಕೆಲಸ ಅಡಗಿದೆ. ಮುಖಂಡರ ಮನೆಯ ಹೆಣ್ಣುಮಕ್ಕಳ ಹೆಸರು ಬರೆದುಕೊಂಡು ಮುಗಿಸುವುದು ಸುಲಭ. ಹಾಗೆ ಮಾಡದೆ ವಾರಕ್ಕೆರಡು ಸಲ ಸೌದೆಗೆ ಹೋಗುವವರನ್ನು, ಕಿರು ಅರಣ್ಯ ಉತ್ಪನ್ನ ಆಯ್ದು ಬದುಕುವವರನ್ನು, ಜಮೀನಿಲ್ಲದವರನ್ನು, ಒಂಟಿಯಾಗಿ ಸಂಸಾರ ತೂಗಿಸುವವರನ್ನು ಆರಿಸಿ. ಕಾಡು ಕೈತಪ್ಪಿದರೆ ಮೊದಲು ಪೆಟ್ಟು ಬೀಳುವುದು ಅವರಿಗೇ. ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಕಂಡುಕೊಂಡದ್ದೂ ಇಲ್ಲಿ ನೆನಪಿಡುವಂಥದ್ದು: ಸಮಿತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹೆಂಗಸರಿದ್ದರೆ ಅವರ ಹಾಜರಿಯೂ ಮಾತೂ ಎದ್ದು ಕಾಣುವಂತೆ ಹೆಚ್ಚುತ್ತವೆ. ಒಬ್ಬಳೇ ಇದ್ದಾಗ ಬಾಯಿ ಕಟ್ಟುತ್ತದೆ. ನಾಲ್ವರು ಒಟ್ಟಿಗೆ ಕುಳಿತರೆ ಧೈರ್ಯ ಬರುತ್ತದೆ.

ಸಭೆಯ ಹೊತ್ತು, ತಲೆ ಎಣಿಕೆ

ಬೆಳಿಗ್ಗೆ ಹತ್ತು ಗಂಟೆಗೆ ಸಭೆ ಕರೆದರೆ ಹೆಂಗಸರು ಕೂಲಿಗೆ ಹೋಗಿರುತ್ತಾರೆ. ಸಂಜೆ ಆರಕ್ಕೆ ಕರೆದರೆ ಒಲೆ ಮುಂದೆ ಇರುತ್ತಾರೆ. ಯಾವ ಹೊತ್ತು ಆಗುತ್ತದೆಂದು ಅವರನ್ನೇ ಕೇಳಿ. ಹಿಂದಿನ ದಿನ ಅಂಗನವಾಡಿಯಲ್ಲೋ ಯಾರದಾದರೂ ಜಗುಲಿಯಲ್ಲೋ ಹೆಂಗಸರಷ್ಟೇ ಒಂದು ಗಂಟೆ ಕುಳಿತು, ಯಾವ ವಿಷಯ ಎತ್ತಬೇಕು, ಯಾರು ಎತ್ತಬೇಕು ಎಂದು ತೀರ್ಮಾನಿಸಿಕೊಳ್ಳಲಿ. ಸ್ತ್ರೀಶಕ್ತಿ ಸಂಘವಿದ್ದರೆ ಇದು ಇನ್ನೂ ಸಲೀಸು.

2012ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಗ್ರಾಮಸಭೆಗೆ ಊರಿನ ವಯಸ್ಕರಲ್ಲಿ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕು. 240 ವಯಸ್ಕರಿರುವ ಊರಾದರೆ 120 ಜನ, ಅವರಲ್ಲಿ 40 ಹೆಂಗಸರು. ಸಭೆ ಆರಂಭಿಸುವ ಮುನ್ನವೇ ಎಣಿಸಿ, ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿರಿ. ಹೆಂಡತಿಯ ಬದಲು ಗಂಡ ಬಂದು ಕುಳಿತರೆ ಹೆಂಡತಿ ಬಂದಂತಾಗುವುದಿಲ್ಲ.

ನಡಾವಳಿಯನ್ನು ಸಭೆ ಮುಗಿಯುವ ಮೊದಲೇ ಗಟ್ಟಿಯಾಗಿ ಓದಿಸಿ. ‘ಚರ್ಚಿಸಿ ತೀರ್ಮಾನಿಸಲಾಯಿತು’ ಎಂದಷ್ಟೇ ಇದ್ದರೆ ಒಪ್ಪಬೇಡಿ. ಯಾವ ಹೆಂಗಸು ಏನು ಹೇಳಿದರು ಎಂಬುದು ಹೆಸರಿನ ಸಮೇತ ಇರಲಿ. ಖಾಲಿ ಹಾಳೆಗೆ ಹೆಬ್ಬೆಟ್ಟು ಬೇಡವೇ ಬೇಡ.

ನಕ್ಷೆ

ನನಗೆ ಬಹಳ ಇಷ್ಟವಾದ ಹಂತ ಇದು. ಕಾಗದ, ಪೆನ್ನು ತಂದರೆ ಓದಿದ ಹುಡುಗರು ಮುಂದೆ ಬರುತ್ತಾರೆ, ಹೆಂಗಸರು ಹಿಂದೆ ಸರಿಯುತ್ತಾರೆ. ಅದರ ಬದಲು ಅಂಗಳ ಗುಡಿಸಿ, ನೆಲದ ಮೇಲೆಯೇ ಬರೆಯಿರಿ. ಅಂಥ ಒಂದು ಅಂಗಳದಲ್ಲಿ ನಾನು ನಿಂತಿದ್ದೆ. ಬೂದಿಯಲ್ಲಿ ಹಳ್ಳ ಎಳೆದರು, ಕಲ್ಲಿಟ್ಟು ದೇವರ ಜಾಗ ಗುರುತಿಸಿದರು, ನೆಲ್ಲಿಯ ಗುಡ್ಡಕ್ಕೆ ಒಂದು ಹಿಡಿ ಸೊಪ್ಪು. ಅಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಹಳ್ಳದ ಗೆರೆಯನ್ನು ಅಂಗೈಯಿಂದ ಒರೆಸಿ, ಒಂದು ಮೊಳ ಆಚೆಗೆ ಹೊಸದಾಗಿ ಎಳೆದರು. ‘ನೀರು ಇಲ್ಲಿ ತಿರುಗುತ್ತದೆ’ ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನ ಗಡಿ ಸುತ್ತಿದಾಗ ನೀರು ಅಲ್ಲೇ ತಿರುಗಿತ್ತು.

ಸೋಲಿಗರು ತಮ್ಮ ಯೆಲ್ಲೆಗಳೊಳಗಿನ, ಅಂದರೆ ಕುಲಕುಲದ ಪಾರಂಪರಿಕ ಗಡಿಯೊಳಗಿನ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ಹೀಗೆ ಒಂದೊಂದಾಗಿ ಗುರುತಿಸಿ ನಕ್ಷೆಗೆ ತಂದಿದ್ದಾರೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಸಾಕ್ಷ್ಯವಾಗಿ ನಿಯಮಗಳು ಒಪ್ಪುತ್ತವೆ. ಹಿರಿಯರೆಂದರೆ ತಾತಂದಿರಷ್ಟೇ ಅಲ್ಲ, ಅಜ್ಜಿಯರ ಹೇಳಿಕೆಯನ್ನೂ ಬರೆಸಿ.

ನಕ್ಷೆ, ಹೇಳಿಕೆಗಳನ್ನು ಸೇರಿಸಿ ನಮೂನೆ ‘ಸಿ’ ತುಂಬಿ; ಊರಿನ ಕಾಡಿನ ಮೇಲಿನ ಸಮುದಾಯ ಹಕ್ಕು ಕೇಳುವ ಅರ್ಜಿ ಅದು. ಸ್ಥಳ ಪರಿಶೀಲನೆಗೆ ಅರಣ್ಯ ಮತ್ತು ಕಂದಾಯ ಇಲಾಖೆಯವರಿಗೆ ಲಿಖಿತವಾಗಿ ತಿಳಿಸಿ. ಅವರು ಬಂದು ಸಹಿ ಹಾಕಬೇಕು. ಗ್ರಾಮಸಭೆಯ ನಿರ್ಣಯದೊಂದಿಗೆ ಅರ್ಜಿ ಉಪವಿಭಾಗ ಮಟ್ಟದ ಸಮಿತಿಗೆ ಹೋಗುತ್ತದೆ. ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ. ಆ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು.

ಹಕ್ಕು ಬಂದ ಮೇಲೆ

ಈಗ ಕಾಡು ಕಾಯುವ ಸಮಿತಿ, ನಿರ್ವಹಣಾ ಯೋಜನೆ ಎರಡೂ ಬೇಕು. ಬಹಳ ಕಡೆ ಬರೆಯುವ ಮೊದಲ ನಿಯಮ ‘ಸೌದೆ ತರುವುದು ನಿಷೇಧ’. ಅದನ್ನು ಬರೆದವರು ಸೌದೆ ಹೊತ್ತವರಲ್ಲ. ನಿಷೇಧಿಸಿದ ಮಾತ್ರಕ್ಕೆ ಒಲೆ ಆರುವುದಿಲ್ಲ. ಹೆಂಗಸರು ಕತ್ತಲಲ್ಲಿ ಹೋಗುತ್ತಾರೆ, ಇಲ್ಲವೇ ಪಕ್ಕದ ಊರಿನ ಕಾಡಿಗೆ ಹೋಗಿ ಬೈಸಿಕೊಳ್ಳುತ್ತಾರೆ. ವಾರದಲ್ಲಿ ಎರಡು ದಿನ, ಬಿದ್ದ ಒಣಕೊಂಬೆ ಮಾತ್ರ, ಒಂದು ವರ್ಷ ಈ ಗುಡ್ಡ, ಮರುವರ್ಷ ಆ ಗುಡ್ಡ ಎಂದು ಅವರೊಂದಿಗೆ ಕುಳಿತು ಬರೆಯಿರಿ. ಅಂಥ ನಿಯಮವನ್ನು ಅವರೇ ನಿಂತು ಕಾಯುತ್ತಾರೆ.

ನೆಲ್ಲಿಗೂ ಹೀಗೆಯೇ: ಕೊಂಬೆ ಮುರಿಯದೆ ಕೀಳಬೇಕು, ಜಿಂಕೆಗಳಿಗೆಂದು ಒಂದಷ್ಟು ಬಿಡಬೇಕು, ಮರಕ್ಕೆ ಹತ್ತಿದ ಉಪ್ಪಿಲನ್ನು ಕತ್ತರಿಸಬೇಕು. ಉಪ್ಪಿಲು ಮರದ ಸಾರ ಹೀರುವ ಬಂದಳಿಕೆ. ಬಿಟ್ಟರೆ ಮರವನ್ನೇ ಒಣಗಿಸುತ್ತದೆ. ಬೇಸಿಗೆಯ ಬೆಂಕಿ ಕಾವಲಿಗೆ ಹೆಂಗಸರು ಇಬ್ಬಿಬ್ಬರಾಗಿ ಹೋಗಲಿ. ಅವರಿಗೂ ಗಂಡಸರಷ್ಟೇ ಕೂಲಿ ಕೊಡಿ.

ಕೊನೆಗೆ ದುಡ್ಡು. ಸಮಿತಿಯ ಬ್ಯಾಂಕ್ ಖಾತೆಗೆ ಜಂಟಿ ಸಹಿ ಹಾಕುವವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಕಿರು ಅರಣ್ಯ ಉತ್ಪನ್ನದ ಸಾಗಣೆ ಪರವಾನಗಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ತೂಕದ ದಿನ ತಕ್ಕಡಿಯ ಪಕ್ಕ ಸಮಿತಿಯ ಒಬ್ಬ ಮಹಿಳೆ ನಿಂತು ಲೆಕ್ಕ ಬರೆಯಲಿ, ನೆಲ್ಲಿ ತಂದವಳ ಹಣ ಅವಳದೇ ಖಾತೆಗೆ ಬೀಳಲಿ.